ಕಾದಂಬರಿ ಕೈಯಲ್ಲಿ, ಗೈಡ್ ಪಕ್ಕದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಡಿಗ್ರಿ ಹುಡುಗ ಹುಡುಗಿಯರ ಜೊತೆ ಕಾದಂಬರಿ ಓದಲು ಕೂತಾಗ ವರ್ಷ ವರ್ಷವೂ ಬರುವ ಪ್ರಶ್ನೆಗಳು ಇವು. ಉದಾಹರಣೆಗೆ ಹೆಚ್ಚಾಗಿ ಒಂದೇ ಪುಸ್ತಕ ಇಟ್ಟುಕೊಂಡಿದ್ದೇನೆ: ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರ ಕಾದಂಬರಿ. ಕಡಲ ಬದಿಯ ಊರಿನ ಒಂದು ಮನೆಯ ಮೂರು ತಲೆಮಾರಿನ ಕಥೆ. ನಿಮಗೆ ಪಠ್ಯವಾಗಿ ಬೇರೆ ಕಾದಂಬರಿ ಇದ್ದರೂ ಓದುವ ರೀತಿ ಇದೇ. ಗೈಡ್ ಅಂದರೆ ಇಲ್ಲಿ ಎಲ್ಲವೂ ಸೇರಿತು: ಅಂಗಡಿಯಲ್ಲಿ ಸಿಗುವ ಅಚ್ಚಿನ ಗೈಡ್, ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ನೋಟ್ಸ್, ಸೀನಿಯರ್ ಕೊಟ್ಟ ನೋಟ್‌ಬುಕ್, ವಾಟ್ಸಾಪ್‌ಗೆ ಬಂದ ಪಿಡಿಎಫ್.

ಗೈಡ್ ಓದುವುದು ತಪ್ಪಾ?

ತಪ್ಪೇನೂ ಇಲ್ಲ. ಪಾಠ ಮಾಡುವವರ ಮೇಜಿನ ಮೇಲೂ ಒಂದು ಇರುತ್ತದೆ. ದಿನಾ ಗೋಕರ್ಣದಿಂದ ಕುಮಟಾಕ್ಕೆ ಬಸ್ಸಲ್ಲಿ ಬಂದು ಹೋಗಿ, ಸಂಜೆ ಮನೆ ಅಂಗಡಿಯಲ್ಲೂ ಕೂರುವ ಹುಡುಗಿಗೆ ‘ಗೈಡ್ ಮುಟ್ಟಲೇಬೇಡ’ ಅಂತ ಉಪದೇಶ ಮಾಡುವುದು ಸುಲಭ. ಅದರಿಂದ ಅವಳಿಗೆ ಏನೂ ಉಪಯೋಗ ಇಲ್ಲ.

ಕಾದಂಬರಿ ತೆಗೆಯದೇ ಗೈಡ್ ಮಾತ್ರ ಓದಿದಾಗ ಕೆಲಸ ಕೆಡುತ್ತದೆ. ಯಾರು ಸತ್ತರು, ಯಾರು ಊರು ಬಿಟ್ಟರು, ಯಾರು ವಾಪಸ್ ಬಂದರು ಅನ್ನುವುದು ಸಾರಾಂಶದಲ್ಲಿ ಸಿಗುತ್ತದೆ. ಅಷ್ಟು ಹೇಳುವುದಕ್ಕೆ ಕಾರಂತರು ಅಷ್ಟು ದಪ್ಪ ಪುಸ್ತಕ ಬರೆಯಬೇಕಿರಲಿಲ್ಲ, ಅಲ್ವಾ?

ಮೊದಲು ಗೈಡಾ, ಕಾದಂಬರಿಯಾ?

ಕಾದಂಬರಿ. ಹಾಗಂತ ಇಡೀ ಕಾದಂಬರಿ ಮುಗಿಸಿಯೇ ಗೈಡ್ ತೆಗೆಯಿರಿ ಅಂತ ಹೇಳುತ್ತಿಲ್ಲ. ಒಂದು ಅಧ್ಯಾಯ ಓದಿ. ಪುಸ್ತಕ ಮುಚ್ಚಿ, ಅನ್ನಿಸಿದ್ದನ್ನು ನಾಲ್ಕು ಸಾಲು ಬರೆಯಿರಿ. ಚಂದದ ಕನ್ನಡ ಬೇಡ. ‘ಐತಾಳನ ಮೇಲೆ ಸಿಟ್ಟು ಬಂತು, ಯಾಕೆ ಗೊತ್ತಿಲ್ಲ’ ಅಂತ ಬರೆದರೂ ನಡೆಯುತ್ತದೆ. ಆಮೇಲೆ ಗೈಡ್‌ನಲ್ಲಿ ಅದೇ ಭಾಗ ನೋಡಿ. ಆ ನಾಲ್ಕು ಸಾಲು ಬರೆಯದೇ ಗೈಡ್ ತೆಗೆದರೆ ಅದರ ಮಾತು ಯಾವುದು, ನಿಮಗೆ ಅನ್ನಿಸಿದ್ದು ಯಾವುದು ಅಂತ ಎರಡು ದಿನದಲ್ಲಿ ನಿಮಗೇ ತಿಳಿಯದ ಹಾಗೆ ಆಗುತ್ತದೆ.

ಒಂದಕ್ಕೆ ಮಾತ್ರ ರಿಯಾಯಿತಿ. ಮನೆತನದ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ರಾಮ ಐತಾಳ, ಅವನ ಒಡಹುಟ್ಟಿದ ಸರಸೋತಿ, ಮೊದಲ ಹೆಂಡತಿ ಪಾರೋತಿ, ಎರಡನೆಯವಳು ಸತ್ಯಭಾಮೆ, ಮಗ ಲಚ್ಚ, ಸೊಸೆ ನಾಗವೇಣಿ, ಮೊಮ್ಮಗ ರಾಮ. ಅಜ್ಜನೂ ರಾಮ, ಮೊಮ್ಮಗನೂ ರಾಮ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಗೂ ಹೊಸದಲ್ಲ, ಆದರೂ ಓದುವಾಗ ಗಲಿಬಿಲಿ ಆಗುತ್ತದೆ. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಟ್ಟುಕೊಳ್ಳಿ.

ಗೈಡ್‌ನಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು?

ಕಾದಂಬರಿಯ ಹೊರಗಿನ ಸಂಗತಿಗಳನ್ನು ತೆಗೆದುಕೊಳ್ಳಿ. ಪಾತ್ರಗಳ ಬಗ್ಗೆ ಅದು ಕೊಡುವ ತೀರ್ಪನ್ನು ಬಿಡಿ. ಇದೊಂದು ಗೊತ್ತಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳನ್ನು ನೀವು ಓದದಿದ್ದರೂ ಆಗುತ್ತದೆ.

ಹೊರಗಿನ ಸಂಗತಿ ಅಂದರೆ ಇಂಥದ್ದು. ಮಕ್ಕಳಾಗಲಿಲ್ಲ ಅಂತ ರಾಮ ಐತಾಳ ಇನ್ನೊಂದು ಮದುವೆ ಆಗುತ್ತಾನೆ. ‘ಸರ್, ಕೇಸ್ ಆಗಲ್ವಾ?’ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಗ ಅದು ಅಪರಾಧ ಆಗಿರಲಿಲ್ಲ. ಹೆಂಡತಿ ಇರುವಾಗಲೇ ಹಿಂದೂ ಗಂಡಸು ಇನ್ನೊಂದು ಮದುವೆ ಆಗದಂತೆ ಮುಂಬಯಿ ಪ್ರಾಂತದಲ್ಲಿ ಕಾನೂನು ಬಂದದ್ದು 1946ರಲ್ಲಿ, ಮದ್ರಾಸ್ ಪ್ರಾಂತದಲ್ಲಿ 1949ರಲ್ಲಿ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಕಾದಂಬರಿ ಅಚ್ಚಾದಾಗ ಇವು ಮೂರೂ ಇರಲಿಲ್ಲ. ಸರಸೋತಿ ಎಳೆಯ ಪ್ರಾಯದಲ್ಲೇ ವಿಧವೆ ಆದವಳು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರದ್ದು. ಅವಳ ಬಾಲ್ಯ ಅದಕ್ಕಿಂತ ಎಷ್ಟೋ ಹಿಂದಿನದು. ಇದು ಕಾದಂಬರಿಯ ಪುಟದಲ್ಲಿ ಸಿಗುವುದಿಲ್ಲ. ಆಗಿನ ಓದುಗರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಇಂಥದ್ದನ್ನು ಗೈಡ್ ಕೊಟ್ಟರೆ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಿ.

ಇನ್ನೊಂದು, ನಮ್ಮ ಜಿಲ್ಲೆಯವರಿಗೇ ಹೆಚ್ಚು ಕಾಡುವ ಪ್ರಶ್ನೆ. ಮೊಮ್ಮಗ ರಾಮ ಓದಲು ಮದ್ರಾಸಿಗೆ ಯಾಕೆ ಹೋಗುತ್ತಾನೆ? ಅಷ್ಟು ದೂರ? ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಕಾದಂಬರಿಯ ಊರು ಇರುವ ಕೋಟದ ಕಡೆ ಆಗ ಅದಕ್ಕೇ ಸೇರಿತ್ತು. ಭಟ್ಕಳ ದಾಟಿ ಶಿರೂರಿನಿಂದ ಆಚೆ ಹೋದರೆ ಆಗ ಬೇರೆಯೇ ಪ್ರಾಂತ. ನಮ್ಮ ಕಡೆಯ ಹುಡುಗರು ಧಾರವಾಡ, ಪುಣೆ, ಮುಂಬಯಿ ಅಂತ ಹೊರಟರೆ, ಕೋಟ ಕುಂದಾಪುರದ ಹುಡುಗರಿಗೆ ದೊಡ್ಡ ಓದು ಅಂದರೆ ಮದ್ರಾಸು. ಹಾಗೆಯೇ ರಾಮ ಸ್ವಾತಂತ್ರ್ಯ ಚಳವಳಿಗೆ ಇಳಿಯುವ ಭಾಗ ಬಂದಾಗ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನು ನೆನಪಿಗೆ ತಂದುಕೊಳ್ಳಿ. ಗೈಡ್ ಅದನ್ನು ಹೇಳಿರುವುದಿಲ್ಲ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಿರಿಯರಿದ್ದರೆ ಅವರು ಕೇಳಿದ ಕಥೆಗಳು ಇರುತ್ತವೆ.

ಇನ್ನು ಬಿಡಬೇಕಾದದ್ದು. ‘ಸರಸೋತಿ ತ್ಯಾಗಮಯಿ’, ‘ಪಾರೋತಿ ಸಹನಾಮೂರ್ತಿ’, ‘ನಾಗವೇಣಿ ಆದರ್ಶ ತಾಯಿ’. ಇವನ್ನು ಯಾವ ಕಾದಂಬರಿಯ ಯಾವ ಹೆಂಗಸಿಗೆ ಬೇಕಾದರೂ ಅಂಟಿಸಬಹುದು. ಅಂಟಿಸುತ್ತಾರೆ ಕೂಡ.

‘ಸೂಕ್ಷ್ಮವಾಗಿ ಓದಿ’ ಅನ್ನುತ್ತಾರೆ. ಹಾಗಂದರೆ ಕೂತು ಏನು ಮಾಡಬೇಕು?

ಒಂದು ಪುಟ ತೆಗೆಯಿರಿ. ಒಂದೇ ಪುಟ. ಪೆನ್ಸಿಲ್ ಹಿಡಿಯಿರಿ.

ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ, ಆ ಪುಟದಲ್ಲಿ ಯಾರಾದರೂ ಕೈಯಿಂದ ಕೆಲಸ ಮಾಡಿದ್ದು ಬಂದಲ್ಲೆಲ್ಲ ಗೆರೆ ಎಳೆಯಿರಿ: ನೆಟ್ಟಿ, ಸೌದೆ, ನೀರು, ಒಲೆ, ದನ, ಉಪ್ಪಿನಕಾಯಿ, ಏನಿದ್ದರೂ ಸರಿ. ಪಕ್ಕದಲ್ಲಿ ಮಾಡಿದವರ ಹೆಸರಿನ ಮೊದಲ ಅಕ್ಷರ ಬರೆಯಿರಿ. ಮೂರನೇ ಸಲ, ಮಾತಾಡಿದವರು ಯಾರು ಅಂತ ನೋಡಿ, ಅವರ ಅಕ್ಷರವನ್ನು ಇನ್ನೊಂದು ಬದಿಗೆ ಬರೆಯಿರಿ. ಈಗ ಎರಡೂ ಬದಿ ಹೋಲಿಸಿ. ಐತಾಳರ ಮನೆಯ ಪುಟಗಳಲ್ಲಿ ಹೀಗೆ ಮಾಡಿದರೆ ಒಂದು ಬದಿಯಲ್ಲಿ ‘ಸ’, ‘ಪಾ’ ಸಾಲುಸಾಲಾಗಿ ನಿಲ್ಲುತ್ತವೆ. ‘ತ್ಯಾಗಮಯಿ’ ಅನ್ನುವ ಗೈಡ್‌ನ ಮಾತಿಗಿಂತ ಈ ಅಂಚಿನ ಅಕ್ಷರಗಳು ನಿಮಗೆ ಜಾಸ್ತಿ ಹೇಳುತ್ತವೆ. ಪರೀಕ್ಷೆಯಲ್ಲಿ ಬರೆಯಲು ಪುಟದ ಆಧಾರವೂ ಸಿಕ್ಕಿತು.

ಇನ್ನೊಂದು ಜಾಗ. ಐತಾಳನ ಎರಡನೇ ಮದುವೆಯ ಮಾತು ಬರುವ ಪುಟಗಳನ್ನು ಹುಡುಕಿ. ಅಲ್ಲಿ ಹೀಗೆ ಕೇಳಿಕೊಳ್ಳಿ: ಮಾತು ಮೊದಲು ಯಾರ ಬಾಯಿಂದ ಬರುತ್ತದೆ? ಪಾರೋತಿಯ ಕಿವಿಗೆ ಅದು ಬೀಳುವುದು ಹೇಗೆ? ಅವಳು ಏನು ಹೇಳುತ್ತಾಳೆ, ಹೇಳಬಹುದಾಗಿದ್ದ ಏನನ್ನು ಹೇಳುವುದಿಲ್ಲ? ಆ ಹೊತ್ತಿಗೆ ಅವಳ ಕೈ ಯಾವ ಕೆಲಸದಲ್ಲಿದೆ? ಸರಸೋತಿ ಯಾರ ಪರ? ಉತ್ತರ ನಾನು ಇಲ್ಲಿ ಬರೆದರೆ ನಾನೂ ಇನ್ನೊಂದು ಗೈಡ್ ಆಗುತ್ತೇನೆ. ನೀವೇ ನೋಡಿ.

ನಾಗವೇಣಿಯ ಪಿಟೀಲಿಗೂ ಇದೇ ರೀತಿ. ‘ನಾಗವೇಣಿಗೆ ಸಂಗೀತದಲ್ಲಿ ಆಸಕ್ತಿ ಇತ್ತು’ ಅಂತ ಒಂದು ಸಾಲಲ್ಲಿ ಗೈಡ್ ಮುಗಿಸುತ್ತದೆ. ನೀವು ಪಿಟೀಲು ಬಂದ ಪುಟಗಳ ನಂಬರ್ ಬರೆದಿಡಿ. ಪ್ರತಿ ಸಲವೂ ಅದಕ್ಕೆ ಮೊದಲು ಏನಾಗಿತ್ತು, ಕೇಳುವವರು ಯಾರು, ಮಗ ರಾಮನಿಗೆ ಅದು ಹೇಗೆ ದಾಟುತ್ತದೆ ಅಂತ ಒಂದೊಂದು ಸಾಲು ಹಾಕಿ. ಗಂಡನಿಂದ ಅಷ್ಟು ಕಷ್ಟ ಉಂಡ ಹೆಂಗಸಿನ ಮನೆಯಲ್ಲಿ ಆ ವಾದ್ಯ ಯಾಕಿದೆ ಅನ್ನುವುದಕ್ಕೆ ನಿಮ್ಮದೇ ಉತ್ತರ ಹೊಳೆಯುತ್ತದೆ.

ಪ್ರತಿ ಪುಟವನ್ನೂ ಹೀಗೇ ಓದಬೇಕಾ?

ಬೇಡ. ಹಾಗೆ ಓದಿದರೆ ಪದವಿ ಮುಗಿದರೂ ಕಾದಂಬರಿ ಮುಗಿಯುವುದಿಲ್ಲ. ಅಧ್ಯಾಯಕ್ಕೆ ಒಂದು ಪುಟ ಸಾಕು. ಉಳಿದದ್ದನ್ನು ಕಥೆ ಓದಿದ ಹಾಗೆ ಓಡಿಸಿಕೊಂಡು ಓದಿ.

ಗೈಡ್ ಹೇಳಿದ್ದು ಒಂದು, ನನಗೆ ಅನ್ನಿಸಿದ್ದು ಇನ್ನೊಂದು. ಯಾರು ಸರಿ?

ಪುಸ್ತಕವನ್ನೇ ಕೇಳಿ. ಇದು ಸಮಾಧಾನದ ಮಾತಲ್ಲ, ಮಾಡಿ ನೋಡಬಹುದಾದ ಕೆಲಸ. ಲಚ್ಚನನ್ನೇ ತೆಗೆದುಕೊಳ್ಳಿ. ‘ಇಂಗ್ಲಿಷ್ ಓದಿನಿಂದ ಲಚ್ಚ ಕೆಟ್ಟ’ ಅನ್ನುವುದು ನೋಟ್ಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಓದಲು ಊರು ಬಿಟ್ಟ, ಚಟ ಹತ್ತಿತು, ಆಸ್ತಿ ಕರಗಿಸಿದ, ಹೆಂಡತಿಗೂ ರೋಗ ತಂದ. ಸರಿಯಾಗೇ ಕಾಣುತ್ತದೆ. ಆದರೆ ಅವನ ಮಗ ರಾಮನೂ ಇಂಗ್ಲಿಷೇ ಓದಿದ್ದು, ಅದೂ ಅಪ್ಪನಿಗಿಂತ ಜಾಸ್ತಿ. ಅವನು ಮಣ್ಣಿಗೆ ಮರಳುತ್ತಾನೆ. ಓದೊಂದೇ ಕಾರಣ ಆಗಿದ್ದರೆ ಇಬ್ಬರೂ ಒಂದೇ ದಾರಿ ಹಿಡಿಯಬೇಕಿತ್ತಲ್ಲ? ಇಬ್ಬರ ನಡುವೆ ಬೇರೆ ಏನಿದೆ ಅಂತ ಹುಡುಕಿ. ಒಬ್ಬ ಮುದ್ದಿನಲ್ಲಿ ಬೆಳೆದ, ಇನ್ನೊಬ್ಬ ಬಡತನದಲ್ಲಿ. ಒಬ್ಬನಿಗೆ ಮಗನ ಮೇಲೆ ಕನಸು ಕಟ್ಟಿದ ಅಪ್ಪ, ಇನ್ನೊಬ್ಬನಿಗೆ ಪಿಟೀಲು ನುಡಿಸುವ ತಾಯಿ. ಕಾಲವೂ ಬದಲಾಗಿತ್ತು.

ಇಷ್ಟು ನೋಡಿದ ಮೇಲೂ ಗೈಡ್‌ನ ಮಾತೇ ಸರಿ ಅನ್ನಿಸಿದರೆ ಅನ್ನಿಸಲಿ, ಅದಕ್ಕೆ ಪುಟದ ಆಧಾರ ಕೊಟ್ಟು ಬರೆಯಿರಿ.

‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಪ್ರಶ್ನೆಗೆ ಗೈಡ್ ಬೇಕೇ ಬೇಕಲ್ಲ?

ಅರ್ಧ ಬೇಕು. ಈ ಉತ್ತರದ ಅಚ್ಚು ಎಲ್ಲರಿಗೂ ಬಾಯಿಪಾಠ: ‘ಈ ವಾಕ್ಯವನ್ನು ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕಾದಂಬರಿಯಿಂದ ಆರಿಸಿಕೊಳ್ಳಲಾಗಿದೆ.’ ಆಮೇಲೆ ಸಂದರ್ಭ, ಕೊನೆಗೆ ಸ್ವಾರಸ್ಯ. ಆಯ್ಕೆ ಮತ್ತು ಸಂದರ್ಭಕ್ಕೆ ಗೈಡ್ ನೋಡಿಕೊಂಡರೆ ಅಡ್ಡಿಯಿಲ್ಲ. ಯಾರು ಯಾರಿಗೆ ಯಾವಾಗ ಹೇಳಿದರು ಅನ್ನುವುದು ನೆನಪಿನ ವಿಷಯ.

ಸ್ವಾರಸ್ಯದಲ್ಲಿ ಎಲ್ಲರೂ ಜಾರುತ್ತಾರೆ. ‘ಇಲ್ಲಿ ಲೇಖಕರು ಪಾತ್ರದ ಮನಸ್ಸಿನ ತುಮುಲವನ್ನು ಸೊಗಸಾಗಿ ಚಿತ್ರಿಸಿದ್ದಾರೆ’ ಅಂತ ನೂರು ಜನ ಬರೆದಿರುತ್ತಾರೆ. ಪೇಪರ್ ತಿದ್ದುವವರು ಆ ಸಾಲನ್ನು ಓದುವುದೇ ಇಲ್ಲ, ಕಣ್ಣು ಹಾರುತ್ತದೆ. ಅದರ ಬದಲು ಆ ವಾಕ್ಯದ ಹಿಂದಿನ ಸಾಲಲ್ಲಿ ಏನಿತ್ತು, ಮುಂದಿನ ಸಾಲಲ್ಲಿ ಏನಾಯಿತು ಅಂತ ಬರೆಯಿರಿ. ಯಾರು ಉತ್ತರ ಕೊಡಲಿಲ್ಲ, ಯಾರು ಎದ್ದು ಒಳಗೆ ಹೋದರು, ಆ ಮಾತು ನಿಜವಾಗಿ ಯಾರಿಗೆ ತಾಗಬೇಕಿತ್ತು. ಮೂರು ಸಾಲು ಸಾಕು.

ನಾವು ಘಟ್ಟದ ಮೇಲಿನವರು. ಕಡಲೂರಿನ ವಿವರ ಬಂದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಏನು ಮಾಡೋಣ?

ಶಿರಸಿ, ಸಿದ್ದಾಪುರದ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ ನೋಡಿ ಬೆಳೆದವರಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಹೊಯ್ಗೆ ನೆಲ ಅಂದರೆ ಹೇಗೆ ಅಂತ ಗೊತ್ತಾಗುವುದಿಲ್ಲ. ಗೈಡ್‌ನ ಪದಕೋಶದಲ್ಲಿ ‘ಅಳಿವೆ: ನದಿ ಸಮುದ್ರ ಸೇರುವ ಜಾಗ’ ಅಂತ ಇರುತ್ತದೆ. ಅದನ್ನು ಓದಿಕೊಂಡು, ಒಂದು ರಜೆಯಲ್ಲಿ ದೇವಿಮನೆ ಘಟ್ಟ ಇಳಿದು ಬನ್ನಿ. ತದಡಿಯಲ್ಲಿ ನಿಂತು ಅಘನಾಶಿನಿ ನೋಡಿ, ಅಥವಾ ಮಂಜಗುಣಿಯಲ್ಲಿ ಗಂಗಾವಳಿ. ಕಾದಂಬರಿಯ ಊರು ಅದಲ್ಲ, ಅದು ಕೋಟದ ಕಡೆಯದು. ಆದರೆ ನೆಲದ ಸ್ವಭಾವ ತುಂಬಾ ಬೇರೆಯಲ್ಲ.

ಅಘನಾಶಿನಿಯ ಗಜನಿ ಗದ್ದೆಗಳನ್ನೂ ನೋಡಿ. ಉಪ್ಪುನೀರು ನುಗ್ಗುವ ಜಾಗ, ಕಟ್ಟೆ ಹಾಕಿ ತಡೆಯಬೇಕು. ಉಪ್ಪು ತಾಳುವ ಕಗ್ಗ ಭತ್ತವನ್ನೇ ಅಲ್ಲಿ ಬೆಳೆಯುತ್ತಾ ಬಂದಿದ್ದಾರೆ. ಕಟ್ಟೆ ಒಡೆದರೆ ಬೆಳೆ ಹೋಯಿತು. ಆ ಗದ್ದೆಯ ಬದುವಿನಲ್ಲಿ ಒಮ್ಮೆ ಕೆಸರು ತುಳಿದು ಬಂದವರು, ಮಳೆಗಾಲದ ಅಧ್ಯಾಯಗಳನ್ನು ‘ಪ್ರಕೃತಿ ವರ್ಣನೆ’ ಅಂತ ದಾಟಿಸಿ ಓದುವುದಿಲ್ಲ. ಗೈಡ್‌ಗಳು ಆ ಭಾಗವನ್ನು ಅದೇ ಎರಡು ಪದದಲ್ಲಿ ಮುಗಿಸಿರುತ್ತವೆ. ನನಗಂತೂ ಗೈಡ್‌ಗಳ ಮೇಲೆ ಇರುವ ದೊಡ್ಡ ತಕರಾರು ಇದೇ.

ಲೇಖಕರ ಜೀವನ ಚರಿತ್ರೆ ಎಷ್ಟು ಓದಬೇಕು?

ಒಂದು ಪುಟ. 1902ರಲ್ಲಿ ಕೋಟದಲ್ಲಿ ಹುಟ್ಟಿದರು, ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟರು, 1977ರ ಜ್ಞಾನಪೀಠ, 1997ರಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ಹಿರಿಯರಿಗೆ ಕಾರಂತರು ಇನ್ನೊಂದು ಕಾರಣಕ್ಕೂ ಗೊತ್ತು: ಕೈಗಾ ಅಣುಸ್ಥಾವರ ಬೇಡ ಅಂತ ಹೋರಾಡಿ, 1989ರ ಲೋಕಸಭೆ ಚುನಾವಣೆಗೆ ಇಲ್ಲಿಂದಲೇ ನಿಂತಿದ್ದರು. ಸೋತರು. ಎಂಬತ್ತು ದಾಟಿದ ಮನುಷ್ಯ ಊರೂರು ತಿರುಗಿ ಭಾಷಣ ಮಾಡಿದ್ದನ್ನು ನೆನೆಸುವವರು ಕಾರವಾರದ ಕಡೆ ಈಗಲೂ ಸಿಗುತ್ತಾರೆ.

ಇದು ಗೊತ್ತಿರುವುದು ಒಳ್ಳೆಯದೇ. ಆದರೆ 1941ರ ಕಾದಂಬರಿಗೆ 1989ರ ಕಾರಂತರನ್ನು ತಂದು ಕೂರಿಸಬೇಡಿ. ‘ರಾಮ ಅಂದರೆ ಕಾರಂತರೇ’ ಅಂತಲೂ ಬರೆಯಬೇಡಿ.

ಇಂಗ್ಲಿಷ್ ಕಾದಂಬರಿ ಪಠ್ಯ ಇದ್ದರೆ? ಅಲ್ಲಿ ಭಾಷೆಯೇ ಕಷ್ಟ.

ಅಲ್ಲಿ ಗೈಡ್‌ನ ಪಾತ್ರ ಸ್ವಲ್ಪ ದೊಡ್ಡದು, ಒಪ್ಪಿಕೊಳ್ಳೋಣ. ಇಂಗ್ಲಿಷ್ ಗೈಡ್‌ಗಳದ್ದೇ ಒಂದು ಇತಿಹಾಸ ಇದೆ. ಅಮೆರಿಕದಲ್ಲಿ ಕ್ಲಿಫ್ಸ್‌ನೋಟ್ಸ್ 1958ರಲ್ಲಿ ಶುರುವಾಯಿತು, ಮೊದಲು ಬಂದವು ಶೇಕ್ಸ್‌ಪಿಯರ್ ನಾಟಕಗಳಿಗೆ. ಸ್ಪಾರ್ಕ್‌ನೋಟ್ಸ್ 1999ರಲ್ಲಿ ಇಂಟರ್‌ನೆಟ್‌ನಲ್ಲೇ ಹುಟ್ಟಿತು. ಇವುಗಳ ಅಧ್ಯಾಯದ ಸಾರಾಂಶವನ್ನು ಮೊದಲೇ ಓದಿಕೊಂಡರೆ ತಪ್ಪಿಲ್ಲ, ಭಾಷೆಯ ಭಯ ಹೋಗುತ್ತದೆ. ಅದರ ಕೆಳಗೆ ಇರುವ ವಿಶ್ಲೇಷಣೆಯನ್ನು ಮಾತ್ರ ಪಠ್ಯ ಓದಿದ ಮೇಲೆ ತೆಗೆಯಿರಿ.

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಇದ್ದರೆ ಗೈಡ್‌ನಿಂದ ಎರಡು ಸಂಗತಿ ಎತ್ತಿಕೊಳ್ಳಿ. ಅದು 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಎಷ್ಟೋ ಅಧ್ಯಾಯಗಳು ‘ಮುಂದೇನು’ ಅನ್ನುವ ಕಡೆ ಯಾಕೆ ನಿಲ್ಲುತ್ತವೆ ಅನ್ನುವುದಕ್ಕೆ ಅಲ್ಲಿ ಉತ್ತರ ಇದೆ. ಎರಡನೆಯದು, ಗೆಳೆಯ ಬುಲ್ವರ್ ಲಿಟನ್ ಹೇಳಿದ ಮೇಲೆ ಡಿಕನ್ಸ್ ಕೊನೆಯನ್ನು ಬದಲಿಸಿದ. ಒಳ್ಳೆಯ ಆವೃತ್ತಿಗಳಲ್ಲಿ ಎರಡೂ ಕೊನೆಗಳು ಇರುತ್ತವೆ. ಎರಡನ್ನೂ ಓದಿ, ನಿಮಗೆ ಯಾವುದು ಒಪ್ಪಿಗೆ ಅಂತ ಕಾರಣ ಸಮೇತ ಅರ್ಧ ಪುಟ ಬರೆಯಿರಿ. ಬೇಕಾದರೆ ಕನ್ನಡದಲ್ಲೇ ಬರೆದು ಆಮೇಲೆ ಇಂಗ್ಲಿಷಿಗೆ ತನ್ನಿ.

ಮೊಬೈಲಿನಲ್ಲಿ ಎಐ ಕೇಳಿದರೆ ಗೈಡೂ ಬೇಡ ಅಲ್ವಾ?

ಕೇಳಿ. ಆದರೆ ಅದು ಹೇಳಿದ ಪ್ರತಿಯೊಂದು ಪ್ರಸಂಗವನ್ನೂ ಪುಸ್ತಕದಲ್ಲಿ ಹುಡುಕಿ. ಕನ್ನಡ ಕಾದಂಬರಿ ಅಂದ ಕೂಡಲೇ ಅದು ಇಲ್ಲದ ಪ್ರಸಂಗವನ್ನೂ ಇದ್ದ ಹಾಗೆ, ಅದೂ ಬಹಳ ವಿನಯದಿಂದ ಹೇಳಬಹುದು. ಅಜ್ಜ ರಾಮ, ಮೊಮ್ಮಗ ರಾಮ ಇಬ್ಬರನ್ನೂ ಸೇರಿಸಿ ಒಬ್ಬನನ್ನೇ ಮಾಡಬಹುದು. ಅಚ್ಚಿನ ಗೈಡ್ ಬರೆದವರು ಕಡೇ ಪಕ್ಷ ಪುಸ್ತಕ ತೆರೆದಿರುತ್ತಾರೆ. ಎಲ್ಲರೂ ಅಲ್ಲ, ಆದರೂ.

ನಮ್ಮ ಪಠ್ಯಕ್ಕೆ ಗೈಡೇ ಸಿಗುತ್ತಿಲ್ಲ.

ಒಳ್ಳೆಯ ಯೋಗ, ನೀವೇ ಮಾಡಿ. ಯಶವಂತ ಚಿತ್ತಾಲರು ನಮ್ಮ ಹನೇಹಳ್ಳಿಯವರು. ಅವರ ‘ಶಿಕಾರಿ’ 1979ರದ್ದು, ಮುಂಬಯಿ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಕಥೆ. ಓದುತ್ತಾ ಹೋದ ಹಾಗೆ ಸಂಶಯ ಬಲೆಬಲೆಯಾಗಿ ಸುತ್ತಿಕೊಳ್ಳುತ್ತದೆ. ಇಂಥ ಪುಸ್ತಕಕ್ಕೆ ಸಾರಾಂಶ ಇದ್ದರೂ ಹೆಚ್ಚು ಉಪಯೋಗ ಇಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಅಧ್ಯಾಯಕ್ಕೆ ಒಂದು ಹಾಳೆ. ಮೇಲೆ, ಏನಾಯಿತು ಅಂತ ಮೂರು ಸಾಲು. ಕೆಳಗೆ, ನಾಗಪ್ಪನಿಗೆ ಖಂಡಿತ ಗೊತ್ತಿರುವುದು ಒಂದು ಕಡೆ, ಅವನು ಸುಮ್ನೆ ಊಹಿಸುತ್ತಿರುವುದು ಇನ್ನೊಂದು ಕಡೆ. ಸ್ವಲ್ಪ ದೂರ ಹೋಗುವ ಹೊತ್ತಿಗೆ ಯಾವ ಕಡೆ ಉದ್ದ ಆಗುತ್ತಿದೆ ಅಂತ ನೋಡಿ.

ಗೆಳೆಯರು ನಾಲ್ಕು ಜನ ಇದ್ದರೆ ಅಧ್ಯಾಯ ಹಂಚಿಕೊಂಡು ಹಾಳೆ ಬರೆಯಬಹುದು. ಓದುವುದನ್ನು ಮಾತ್ರ ಹಂಚಿಕೊಳ್ಳಬೇಡಿ.

ಪುಸ್ತಕ ಎಲ್ಲಿ ಸಿಗುತ್ತದೆ? ಕೊಳ್ಳಲು ದುಡ್ಡಿಲ್ಲ.

ಕಾಲೇಜು ಲೈಬ್ರರಿ, ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯ, ತಾಲೂಕಿನ ಶಾಖಾ ಗ್ರಂಥಾಲಯ, ಊರಿನ ಪಂಚಾಯ್ತಿ ಅರಿವು ಕೇಂದ್ರ. ಕಾರಂತರ ಪುಸ್ತಕ ಎಲ್ಲಾದರೂ ಒಂದು ಕಡೆ ಇರುತ್ತದೆ. ಸೆಮಿಸ್ಟರ್ ಶುರುವಾದ ವಾರವೇ ಹೋಗಿ. ಪರೀಕ್ಷೆ ಹತ್ತಿರ ಬಂದಾಗ ಗೈಡ್ ಸಿಗುತ್ತದೆ, ಕಾದಂಬರಿ ಸಿಗುವುದಿಲ್ಲ.

ಪರೀಕ್ಷೆಗೆ ಹತ್ತೇ ದಿನ. ಕಾದಂಬರಿ ಇನ್ನೂ ತೆರೆದೇ ಇಲ್ಲ.

ಆಗಲಿ, ಬೈಯುವುದಕ್ಕೆ ಈಗ ಹೊತ್ತಿಲ್ಲ. ಗೈಡ್‌ನ ಸಾರಾಂಶವನ್ನು ಒಂದೇ ದಿನದಲ್ಲಿ ಮುಗಿಸಿ. ಆಮೇಲೆ ಕಾದಂಬರಿಯ ಆರಂಭದ ಒಂದು ಭಾಗ, ಎರಡನೇ ಮದುವೆಯ ಭಾಗ, ನಾಗವೇಣಿ ಆ ಮನೆಗೆ ಬಂದ ಮೇಲಿನ ಭಾಗ, ರಾಮ ವಾಪಸ್ ಬರುವ ಕೊನೆ, ಇಷ್ಟನ್ನು ನಿಧಾನವಾಗಿ ಓದಿ. ಒಂದೊಂದಕ್ಕೂ ಪೆನ್ಸಿಲ್ ಹಿಡಿದು ಒಂದೊಂದು ಪುಟ. ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ಬಿಟ್ಟುಹೋದದ್ದನ್ನು ಓದಿ. ಮಾರ್ಕ್ಸ್ ಚಿಂತೆ ಇರುವುದಿಲ್ಲ, ಆರಾಮಾಗಿ ಓದಿಸಿಕೊಂಡು ಹೋಗುತ್ತದೆ.

ಲೈಬ್ರರಿ ಪುಸ್ತಕದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಬಹುದಾ?

ಬೇಡ. ಆ ಪುಟದ ಜೆರಾಕ್ಸ್ ಮಾಡಿಸಿ ಅದರ ಮೇಲೆ ಬರೆಯಿರಿ. ಹಿಂದಿನವರು ಪೆನ್ನಿನಲ್ಲೇ ‘ಇಂಪಾರ್ಟೆಂಟ್’ ಅಂತ ಬರೆದು ಗೆರೆ ಎಳೆದ ಪ್ರತಿ ಸಿಕ್ಕಿದರೆ, ಆ ಗೆರೆಗಳನ್ನು ನಂಬಬೇಡಿ. ಅವರೂ ಗೈಡ್ ನೋಡಿಯೇ ಎಳೆದಿರುತ್ತಾರೆ.